ಒಂದರಲ್ಲೇ ಆಳಕ್ಕೆ ಇಳಿಯಲಾ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯಲಾ? ಹಾಸನದಿಂದ ಐಟಿ ಕೆಲಸಕ್ಕೆ ಹೊರಟವರಿಗೆ

ನಮ್ಮ ಪಕ್ಕದ ಬೀದಿಯ ಹುಡುಗಿ ಹಾಸನದಲ್ಲೇ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯಿತು. ಹೋದ ಶನಿವಾರ ಊರಿಗೆ ಬಂದವಳು ಬ್ಯಾಗ್ ಮನೆಯಲ್ಲಿಟ್ಟು ಸೀದಾ ನಮ್ಮಲ್ಲಿಗೆ ಬಂದಳು. "ಅಕ್ಕ, ಮ್ಯಾನೇಜರ್ ಫುಲ್ ಸ್ಟ್ಯಾಕ್, ಅಂದ್ರೆ ತೆರೆ ಮೇಲೆ ಕಾಣೋ ಪುಟದಿಂದ ಹಿಂದಿನ ಸರ್ವರ್ ತನಕ ಎಲ್ಲಾ ಕಲಿ ಅಂತಾರೆ. ಸೀನಿಯರ್ ಒಬ್ಬರು ಎಲ್ಲಾ ಬಿಟ್ಟು ಒಂದನ್ನೇ ಗಟ್ಟಿಯಾಗಿ ಹಿಡಿ ಅಂತಾರೆ. ಯಾರ ಮಾತು ಕೇಳಲಿ?" ಅಂದಳು.

ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲ ಐದು ವರ್ಷ ಸಿಕ್ಕಿದ್ದೆಲ್ಲ ಮಾಡಿದೆ. ಆಮೇಲಿನ ಒಂಬತ್ತು ವರ್ಷ ಬರೀ ಡೇಟಾಬೇಸ್, ಅಂದರೆ ಮಾಹಿತಿ ಜೋಡಿಸಿಟ್ಟು ಬೇಕಾದಾಗ ಹುಡುಕಿಕೊಡುವ ವ್ಯವಸ್ಥೆ. ಈಗ ವಿದ್ಯಾನಗರದ ಮನೆಯ ಮುಂದಿನ ಕೋಣೆಯಲ್ಲಿ ಕೂತು ದೂರದ ಕಂಪನಿಗೆ ಕೆಲಸ ಮಾಡುತ್ತೇನೆ. ಎರಡೂ ದಾರಿಯಲ್ಲಿ ನಡೆದಿರುವುದರಿಂದ ಅವಳಿಗೆ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅವಳ ಹಾಗೆ ಕೇಳುವವರು ನಮ್ಮ ಜಿಲ್ಲೆಯಲ್ಲಿ ತುಂಬಾ ಜನ ಇದ್ದಾರೆ.

ಹೆಜ್ಜೆ 1: ಎಲ್ಲಿ ಕೂತು ಕೆಲಸ ಮಾಡಬೇಕು ಅಂತ ಮೊದಲು ತೀರ್ಮಾನಿಸಿ

ಸಾಮಾನ್ಯವಾಗಿ ಎಲ್ಲರೂ "ಯಾವುದಕ್ಕೆ ಸಂಬಳ ಜಾಸ್ತಿ?" ಅಂತ ಶುರು ಮಾಡುತ್ತಾರೆ. ನಾನು "ಐದು ವರ್ಷ ಆದ ಮೇಲೆ ಎಲ್ಲಿರಬೇಕು ಅಂತ ಆಸೆ?" ಅಂತ ಕೇಳುತ್ತೇನೆ. ಆಳ (ಒಂದನ್ನೇ ಗಟ್ಟಿಯಾಗಿ) ಬೇಕೋ ಅಗಲ (ಎಲ್ಲವನ್ನೂ ಸ್ವಲ್ಪ ಸ್ವಲ್ಪ) ಬೇಕೋ ಅನ್ನುವುದರ ಅರ್ಧ ಉತ್ತರ ಅಲ್ಲೇ ಇದೆ.

ನನ್ನ ಚಿಕ್ಕಪ್ಪನ ಮಗ ಸಕಲೇಶಪುರದಲ್ಲಿದ್ದಾನೆ. ಕಾಫಿ, ಮೆಣಸು ಕೊಳ್ಳುವ ಅಂಗಡಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಾನೆ. ಒಮ್ಮೆ ಕೊಯ್ಲಿನ ಕಾಲದಲ್ಲಿ ಅವನ ಜೊತೆ ಹೋಗಿದ್ದೆ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರಿಗೆ ತೂಕ ಬರುತ್ತಿರಲಿಲ್ಲ. ಕೇಬಲ್ ಬದಲಾಯಿಸಿದ. ಆಮೇಲೆ ಬಿಲ್ ಪ್ರಿಂಟರ್ ಕೈಕೊಟ್ಟಿತು. ಅದರ ಡ್ರೈವರ್ ಮತ್ತೆ ಹಾಕಿದ. ಅಷ್ಟರಲ್ಲಿ ಮಾಲೀಕರು ಬಂದು, ರೋಬಸ್ಟಾ ಚೆರ್ರಿಗೆ 50 ಕೆಜಿ ಮೂಟೆಯ ರೇಟು ಹಾಕಿದರೆ ಸಾಫ್ಟ್‌ವೇರ್ ಅದನ್ನು ಕೆಜಿ ರೇಟು ಅಂದುಕೊಂಡು ಲೆಕ್ಕ ಹಾಕುತ್ತಿದೆ ಅಂದರು. ಅದನ್ನೂ ಅಲ್ಲೇ ಕೂತು ಸರಿಮಾಡಿದ. ಹೊರಡುವಾಗ ಸಿಸಿಟಿವಿ ಫೋನಲ್ಲಿ ಕಾಣುತ್ತಿಲ್ಲ ಅಂತ ಮತ್ತೆ ಕರೆದರು. ಮೂರು ಗಂಟೆಯಲ್ಲಿ ನಾಲ್ಕು ಬಗೆಯ ಕೆಲಸ. ಅಲ್ಲಿ ನನ್ನ ಒಂಬತ್ತು ವರ್ಷದ ಡೇಟಾಬೇಸ್ ವಿದ್ಯೆ ಯಾವ ಉಪಯೋಗಕ್ಕೂ ಬರಲಿಲ್ಲ. ಆ ಪೇಟೆಗೆ ಅವನಂಥವನೇ ಬೇಕು.

ಊರಲ್ಲೇ ಸಿಗುವ ಕೆಲಸಕ್ಕೆ ಅಗಲ ಬೇಕು. ಅಂಗಡಿ, ಶಾಲೆ, ಸಣ್ಣ ಆಸ್ಪತ್ರೆ, ರೆಸಾರ್ಟ್ ಎಲ್ಲದರಲ್ಲೂ ಒಬ್ಬರೇ ಎಲ್ಲ ನೋಡಿಕೊಳ್ಳಬೇಕಾಗುತ್ತದೆ.

ಊರಲ್ಲಿ ಕೂತು ದೂರದ ಕಂಪನಿಗೆ ಮಾಡುವ ಕೆಲಸಕ್ಕೆ ಆಳ ಬೇಕು. ಇದನ್ನು ತುಂಬಾ ಜನ ತಿರುಗಾಮುರುಗಾ ತಿಳಿದಿದ್ದಾರೆ. ಎಲ್ಲ ಸ್ವಲ್ಪ ಸ್ವಲ್ಪ ಗೊತ್ತಿದ್ದರೆ ಮನೆಯಿಂದ ಕೆಲಸ ಸುಲಭವಾಗಿ ಸಿಗುತ್ತದೆ ಅಂದುಕೊಳ್ಳುತ್ತಾರೆ. ಕಣ್ಣೆದುರು ಇಲ್ಲದವರನ್ನು, ಹಾಸನದಲ್ಲಿ ಕೂತವರನ್ನು, ಕಂಪನಿ ಯಾಕೆ ಇಟ್ಟುಕೊಳ್ಳಬೇಕು ಹೇಳಿ? ಅವರ ಆಫೀಸಿನಲ್ಲಿ ಯಾರಿಗೂ ಬಿಡಿಸಲಾಗದ ಗಂಟನ್ನು ನೀವು ಬಿಡಿಸುತ್ತೀರಿ ಅನ್ನುವ ನಂಬಿಕೆಗೆ. ನಾನು ಊರಿಗೆ ವಾಪಸ್ ಬರಲು ಆಗಿದ್ದು ಅದೊಂದರಿಂದಲೇ.

ಬೆಂಗಳೂರಲ್ಲೇ ಇರುವವರಿಗೆ ಎರಡೂ ನಡೆಯುತ್ತದೆ. ಹತ್ತು ಜನರ ಸ್ಟಾರ್ಟಪ್ ಆದರೆ ಅಗಲ, ಸಾವಿರಾರು ಜನರ ಕಂಪನಿ ಆದರೆ ನಿಧಾನವಾಗಿ ಆಳ. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವಾಗ ಇಸ್ರೋದ ಎಂಸಿಎಫ್ ಕಡೆ ನೋಡಿರುತ್ತೀರಿ. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿರುವ ಜಾಗ ಅದು. ಉಪಗ್ರಹ ಅಂದರೆ ಬ್ಯಾಟರಿ, ಸೌರಫಲಕ, ಇಂಧನ, ದಿಕ್ಕು, ರೇಡಿಯೊ ಎಲ್ಲ ಸೇರಿದ್ದು. ಒಂದೊಂದಕ್ಕೂ ಅದರದೇ ತಜ್ಞರು ಬೇಕು, ಒಟ್ಟು ನೋಡಿ ಈಗ ಏನು ಮಾಡಬೇಕು ಅನ್ನುವವರೂ ಬೇಕು. ದೊಡ್ಡ ಕೆಲಸ ಇರುವ ಕಡೆ ಇಬ್ಬರಿಗೂ ಜಾಗ ಇರುತ್ತದೆ.

ಒಂದು ಹಾಳೆಯ ಮೇಲೆ ಬರೆಯಿರಿ: ಊರು, ಬೆಂಗಳೂರು, ಊರಿಂದ ದೂರದ ಕೆಲಸ. ಒಂದಕ್ಕೆ ಗುರುತು ಹಾಕಿ. ಮನೆಯವರ ಜೊತೆ ಮಾತಾಡಿ ಹಾಕಿ. ಅಪ್ಪ ಅಮ್ಮನ ಆರೋಗ್ಯ, ಓದಿನ ಸಾಲದ ಕಂತು, ತೋಟ ನೋಡಿಕೊಳ್ಳುವವರು ಯಾರು, ಇವೆಲ್ಲ ಈ ಲೆಕ್ಕದಲ್ಲಿ ಬರಲೇಬೇಕು.

ಹೆಜ್ಜೆ 2: ಮೊದಲ ಎರಡು ವರ್ಷ ಎಲ್ಲಾ ಬಾಗಿಲು ತಟ್ಟಿ

ಫ್ರೆಶರ್ ಆಗಿದ್ದಾಗಲೇ "ನಾನು ಡೆವ್‌ಆಪ್ಸ್ (ಬರೆದ ಸಾಫ್ಟ್‌ವೇರನ್ನು ಸರ್ವರ್‌ಗೆ ಹಾಕಿ ನಡೆಸುವ ಕೆಲಸ) ಬಿಟ್ಟು ಬೇರೇನೂ ಮಾಡಲ್ಲ" ಅನ್ನುವವರನ್ನು ಕಂಡರೆ ನನಗೆ ಆತಂಕ. ತಿಂದು ನೋಡದೆ ರುಚಿ ಹೇಗೆ ಗೊತ್ತಾಗುತ್ತದೆ? ಮೊದಲ ಎರಡು ವರ್ಷ ಅಗಲಕ್ಕೇ ಮೀಸಲಿಡಿ. ಹಾಗಂತ ಹತ್ತು ಕೋರ್ಸ್ ತಗೊಂಡು ಹತ್ತು ಸರ್ಟಿಫಿಕೇಟ್ ಕೂಡಿಹಾಕುವುದು ಬೇಡ. ಒಂದೇ ಒಂದು ಸಣ್ಣ ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬರೇ ಮಾಡಿ.

ಉದಾಹರಣೆಗೆ ನಿಮ್ಮ ಹಳ್ಳಿಯ ಹಾಲಿನ ಡೇರಿಗೆ ಒಂದು ಲೆಕ್ಕದ ಪುಸ್ತಕ ಮಾಡಿ. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಷ್ಟು ದುಡ್ಡು. ಫೋನಲ್ಲಿ ತೆರೆಯುವ ಒಂದು ಪುಟ, ಹಿಂದೆ ಒಂದು ಸರ್ವರ್, ಅದರ ಹಿಂದೆ ಒಂದು ಡೇಟಾಬೇಸ್. ಬಾಡಿಗೆಗೆ ಒಂದು ಸಣ್ಣ ಲಿನಕ್ಸ್ ಯಂತ್ರ ತಗೊಂಡು ನೀವೇ ಹಾಕಿ. ಲಾಗಿನ್ ನೀವೇ ಮಾಡಿ. ಬ್ಯಾಕಪ್ ನೀವೇ ತೆಗೆಯಿರಿ. ಆಮೇಲೆ ಒಂದು ಭಾನುವಾರ ಬೇಕೂಂತಲೇ ಡೇಟಾಬೇಸ್ ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತನ್ನಿ. ಮೊದಲ ಸಲ ಬಹುಶಃ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಹುಡುಕುವುದರಲ್ಲಿ ನೀವು ಕಲಿಯುವಷ್ಟನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ದೊಡ್ಡ ಸರ್ವಿಸ್ ಕಂಪನಿಗೆ ಸೇರಿದವರಿಗೆ ಆಯ್ಕೆ ಅಷ್ಟಾಗಿ ಇರುವುದಿಲ್ಲ. ಕೇಳಿದ್ದು ಜಾವಾ, ಸಿಕ್ಕಿದ್ದು ಸಪೋರ್ಟ್ ಅನ್ನುವುದು ಮಾಮೂಲು. ಬೇಜಾರು ಮಾಡಿಕೊಳ್ಳಬೇಡಿ. ಸಪೋರ್ಟ್‌ನಲ್ಲಿ ಕೂತವರಿಗೆ ಸಾಫ್ಟ್‌ವೇರ್ ಎಲ್ಲೆಲ್ಲಿ ಮುರಿಯುತ್ತದೆ ಅಂತ ದಿನಾ ಕಾಣುತ್ತದೆ. ಬರೆದವರಿಗೇ ಅದು ಗೊತ್ತಿರುವುದಿಲ್ಲ. ಟಿಕೆಟ್ (ಬಂದ ದೂರು) ಮುಚ್ಚುವ ಮುಂಚೆ ಐದು ನಿಮಿಷ ನಿಂತು, ಇದು ಮೂಲದಲ್ಲಿ ಯಾಕಾಯಿತು ಅಂತ ಕೇಳಿಕೊಳ್ಳಿ. ಮುಂದಿನ ಹೆಜ್ಜೆಗೆ ಅದು ಬೇಕು.

ಹೆಜ್ಜೆ 3: ಮೂರು ತಿಂಗಳು ಒಂದು ನೋಟ್‌ಬುಕ್ ಇಡಿ

ದಿನಾ ಎರಡು ಸಾಲು ಬರೆದರೆ ಸಾಕು. ಇವತ್ತು ಯಾವ ಕೆಲಸದಲ್ಲಿ ಊಟದ ಹೊತ್ತು ಆಗಿದ್ದು ಗೊತ್ತಾಗಲಿಲ್ಲ? ಯಾವುದನ್ನು ನಾಳೆಗೆ ತಳ್ಳಿದೆ? ಜೊತೆಗೆ, ಯಾವ ವಿಷಯಕ್ಕೆ ಪಕ್ಕದವರು ನಿಮ್ಮನ್ನು ಕೇಳಿಕೊಂಡು ಬಂದರು ಅಂತಲೂ ಬರೆಯಿರಿ. ಈ ಕೊನೆಯದು ತುಂಬಾ ಮುಖ್ಯ. ನಮ್ಮ ಕೈ ಯಾವುದರಲ್ಲಿ ಚುರುಕು ಅಂತ ನಮಗಿಂತ ಮೊದಲು ಪಕ್ಕದವರಿಗೆ ಗೊತ್ತಾಗುತ್ತದೆ.

ನನಗೆ ಗೊತ್ತಾಗಿದ್ದು ಹೀಗೆ. ಒಂದು ಬಿಲ್ಲಿಂಗ್ ಸಿಸ್ಟಂನಲ್ಲಿ ದಿನದ ರಿಪೋರ್ಟ್ ತೆರೆಯಲು 40 ಸೆಕೆಂಡ್ ಆಗುತ್ತಿತ್ತು. ಟೇಬಲ್‌ನಲ್ಲಿ ಸುಮಾರು 60 ಲಕ್ಷ ಸಾಲು. ತಂಡದವರು ದೊಡ್ಡ ಸರ್ವರ್ ತರಿಸೋಣ ಅಂದರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಮುಂದೆ 'ಎಕ್ಸ್‌ಪ್ಲೇನ್' ಹಾಕಿ ಓಡಿಸಿದೆ. ಡೇಟಾಬೇಸ್ ಯಾವ ದಾರಿಯಲ್ಲಿ ಹೋಗಿ ಉತ್ತರ ಹುಡುಕುತ್ತಿದೆ ಅಂತ ಅದು ತೋರಿಸುತ್ತದೆ. ನೋಡಿದರೆ 60 ಲಕ್ಷ ಸಾಲನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಿತ್ತು. ಸಮಯದ ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಇತ್ತು, ಆದರೂ ಬಳಸುತ್ತಿರಲಿಲ್ಲ.

ಅರ್ಧ ದಿನ ಅದರ ಮುಂದೆ ಕೂತೆ. ಕ್ವೆರಿ ಬರೆದವರು ಆ ಕಾಲಂಗೆ ಒಂದು ಫಂಕ್ಷನ್ ಹಾಕಿ, ಗಂಟೆ ನಿಮಿಷ ಕಿತ್ತು, ಬರೀ ದಿನಾಂಕ ಮಾಡಿ ಹೋಲಿಸಿದ್ದರು. ಇಂಡೆಕ್ಸ್‌ನಲ್ಲಿ ಜೋಡಿಸಿಟ್ಟಿರುವುದು ಗಂಟೆ ನಿಮಿಷ ಎಲ್ಲ ಸೇರಿದ ಮೂಲ ಸಮಯ. ಫಂಕ್ಷನ್‌ನಿಂದ ಹೊರಬಂದ ದಿನಾಂಕ ಅದರಲ್ಲಿ ಇಲ್ಲವೇ ಇಲ್ಲ. ಹೆಸರಿನ ಪ್ರಕಾರ ಜೋಡಿಸಿದ ಪಟ್ಟಿ ಕೊಟ್ಟು, ಹೆಸರಿನ ಕೊನೆಯ ಅಕ್ಷರ ಹೇಳಿ ಹುಡುಕು ಅಂದ ಹಾಗೆ. ನಾನು ಬದಲಾಯಿಸಿದ್ದು ಒಂದೇ ಸಾಲು: ಈ ದಿನದ ನಡುರಾತ್ರಿಯಿಂದ ಮರುದಿನದ ನಡುರಾತ್ರಿಗೆ ಮುಂಚಿನವರೆಗೆ, ಅಂತ. ರಿಪೋರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಸರ್ವರ್ ತರಿಸಲಿಲ್ಲ.

ಅಗಲ ಬಲ್ಲವರ ಉತ್ತರ ದೊಡ್ಡ ಸರ್ವರ್ ಆಗಿತ್ತು. ಅದು ತಪ್ಪೇನಲ್ಲ, ಸ್ವಲ್ಪ ದಿನ ನಡೆಯುತ್ತಿತ್ತು. ಆಳಕ್ಕೆ ಇಳಿದವರ ಉತ್ತರ ಒಂದು ಸಾಲು. ಆ ರಾತ್ರಿ ನನಗೆ ಖುಷಿಯಲ್ಲಿ ನಿದ್ದೆ ಬರಲಿಲ್ಲ. ನಿಮಗೆ ಯಾವುದರಲ್ಲಿ ಹಾಗಾಗುತ್ತದೋ ಅದು ನೋಟ್‌ಬುಕ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂರು ತಿಂಗಳಾದ ಮೇಲೆ ಯಾವುದೂ ಮತ್ತೆ ಮತ್ತೆ ಬರಲಿಲ್ಲ ಅಂದರೆ ಗಾಬರಿ ಬೇಡ. ಎಲ್ಲದರಲ್ಲೂ ಸಮನಾಗಿ ಖುಷಿ ಪಡುವವರು ಇರುತ್ತಾರೆ. ಅವರು ಒಳ್ಳೆಯ ಅಗಲದವರಾಗುತ್ತಾರೆ.

ಹೆಜ್ಜೆ 4: ಉಪಕರಣ ಹಿಡಿಯಬೇಡಿ, ಕೆಲಸ ಹಿಡಿಯಿರಿ

ಆಳಕ್ಕೆ ಹೋಗುವುದು ಅಂತ ಆದರೆ ಎಲ್ಲಿ ತೋಡಬೇಕು? ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ಕೆಲಸಕ್ಕೆ ಸೇರಿ ಮೂರನೇ ವರ್ಷ ಒಂದು ರಿಪೋರ್ಟಿಂಗ್ ಸಾಫ್ಟ್‌ವೇರ್ ಕಲಿತೆ. ಎರಡು ವರ್ಷ ಅದೇ. ಅದರ ಯಾವ ಮೆನುವಿನಲ್ಲಿ ಏನಿದೆ ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆ. ಒಂದು ದಿನ ಕಂಪನಿಯವರು ಖರ್ಚು ಜಾಸ್ತಿ ಅಂತ ಅದನ್ನು ಬಿಟ್ಟು ಬೇರೆಯದಕ್ಕೆ ಹೋದರು. ನಮ್ಮ ತಂಡದ ಆರು ಜನ ಬೆಂಚಿಗೆ ಬಂದೆವು, ಅಂದರೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲದೆ ಕೂತೆವು. ಎರಡು ತಿಂಗಳು ತುಂಬಾ ಕಷ್ಟದಲ್ಲಿ ಕಳೆದೆ. ಆಮೇಲೆ ನನ್ನನ್ನು ಕಾಪಾಡಿದ್ದು ಆ ಸಾಫ್ಟ್‌ವೇರಿನ ಹಿಂದೆ ದಿನಾ ಬರೆಯುತ್ತಿದ್ದ, ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್. ಮೆನು ಹೋಯಿತು, ಎಸ್‌ಕ್ಯೂಎಲ್ ಉಳಿಯಿತು.

ನಮ್ಮ ಕಡೆ ಶುಂಠಿ ಗೊತ್ತಲ್ಲ. ಒಂದು ವರ್ಷ ಬೆಲೆ ಏರಿದರೆ ಸಾಕು, ಮರುವರ್ಷ ಹೊಲ ಗುತ್ತಿಗೆಗೆ ಹಿಡಿದಾದರೂ ಎಲ್ಲರೂ ಶುಂಠಿಯನ್ನೇ ಹಾಕುತ್ತಾರೆ. ಎಲ್ಲರ ಮೂಟೆಯೂ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಬೆಲೆ ಬೀಳುತ್ತದೆ. ಮಧ್ಯದಲ್ಲಿ ಕೊಳೆರೋಗ ಬಂದರೆ ಅದೂ ಇಲ್ಲ. ಐಟಿಯಲ್ಲಿ ಪ್ರತಿ ಎರಡು ಮೂರು ವರ್ಷಕ್ಕೊಂದು ಶುಂಠಿ ಬರುತ್ತದೆ. ಎಲ್ಲಾ ಕೋಚಿಂಗ್ ಬೋರ್ಡಿನ ಮೇಲೂ ಅದೇ ಹೆಸರು.

ಫ್ಲ್ಯಾಶ್ ನೆನಪಿದೆಯಾ? ಒಂದು ಕಾಲದಲ್ಲಿ ವೆಬ್‌ನ ಆಟ, ಅನಿಮೇಷನ್, ಜಾಹೀರಾತು ಎಲ್ಲ ಅದರಲ್ಲೇ. ಅಡೋಬಿ 2017ರಲ್ಲಿ ನಿಲ್ಲಿಸುತ್ತೇವೆ ಅಂತ ಹೇಳಿ, 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿಯೇ ಬಿಟ್ಟಿತು. ವೆಬ್ ಪುಟ ಕಟ್ಟಲು ಬಳಸುತ್ತಿದ್ದ ಆಂಗ್ಯುಲರ್‌ಜೆಎಸ್‌ನ ಬೆಂಬಲ 2021ರ ಕೊನೆಗೆ ಮುಗಿಯಿತು. ಇನ್ನೊಂದು ಕಡೆ ನೋಡಿ. ಎಡ್ಗರ್ ಕಾಡ್ ಅನ್ನುವವರು ಡೇಟಾವನ್ನು ಟೇಬಲ್‌ಗಳ ರೂಪದಲ್ಲಿ ಇಡುವ ಲೆಕ್ಕಾಚಾರವನ್ನು ಬರೆದದ್ದು 1970ರಲ್ಲಿ. ಎಸ್‌ಕ್ಯೂಎಲ್ ಬಂದದ್ದು ಅದೇ ದಶಕದಲ್ಲಿ. ಇವತ್ತು ಬೆಳಿಗ್ಗೆ ನಾನು ಬರೆದದ್ದೂ ಅದನ್ನೇ. ಲಿನಕ್ಸ್ 1991ರದ್ದು. ಇಂಟರ್‌ನೆಟ್‌ನ ಬುಡದಲ್ಲಿರುವ ಟಿಸಿಪಿ, ಐಪಿ ಅದಕ್ಕಿಂತ ಹಳೆಯದು.

ಹಾಗಾಗಿ ನಿಮ್ಮ ಆಯ್ಕೆಯನ್ನು ಉಪಕರಣದ ಹೆಸರಿಲ್ಲದೆ ಒಂದು ವಾಕ್ಯದಲ್ಲಿ ಹೇಳಿ ನೋಡಿ. "ನಿಧಾನವಾದ ಡೇಟಾಬೇಸನ್ನು ವೇಗ ಮಾಡುವುದು." "ಫೋನ್ ಆ್ಯಪ್ ಕಡಿಮೆ ನೆಟ್‌ವರ್ಕ್‌ನಲ್ಲೂ ನಡೆಯುವ ಹಾಗೆ ಮಾಡುವುದು." "ಬೇರೆಯವರು ನುಗ್ಗದ ಹಾಗೆ ಸಿಸ್ಟಂ ಕಾಯುವುದು." ಹೀಗೆ ಹೇಳಲು ಬಂದರೆ ಅದು ತೋಡಬಹುದಾದ ಜಾಗ. ಉಪಕರಣದ ಹೆಸರಿಲ್ಲದೆ ಹೇಳಲು ಬರಲೇ ಇಲ್ಲ ಅಂದರೆ ಅದು ಶುಂಠಿ. ಒಂದು ಬೆಳೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿ ಜೀವನ ಕಟ್ಟಬೇಡಿ.

ಹೆಜ್ಜೆ 5: ಮೂವತ್ತು ಜಾಹೀರಾತು ಓದಿ

ಒಂದು ಭಾನುವಾರ ಕೂತು ನಿಮಗಿಷ್ಟವಾದ ಕ್ಷೇತ್ರದ 30 ಉದ್ಯೋಗ ಜಾಹೀರಾತು ತೆರೆಯಿರಿ. ಫ್ರೆಶರ್‌ಗಳದ್ದಲ್ಲ, ಐದರಿಂದ ಎಂಟು ವರ್ಷ ಅನುಭವ ಕೇಳುವಂಥವು. ನೀವು ಹೋಗಬೇಕಾದ ಜಾಗ ಅದು. ಯಾವ ಯಾವ ಪದ ಎಷ್ಟು ಸಲ ಬಂತು ಅಂತ ಗೀಟು ಹಾಕಿ. ಎಷ್ಟರಲ್ಲಿ ಮನೆಯಿಂದ ಕೆಲಸ ಅಂತಿದೆ ಎಣಿಸಿ. ಹೆಜ್ಜೆ 1ರಲ್ಲಿ ಹಾಕಿದ ಗುರುತಿಗೂ ಇದಕ್ಕೂ ಹೊಂದುತ್ತದಾ ನೋಡಿ. ಹೊಂದದಿದ್ದರೆ ಎರಡರಲ್ಲಿ ಒಂದನ್ನು ಬದಲಾಯಿಸಬೇಕು. ಈಗಲೇ ಗೊತ್ತಾದರೆ ಒಳ್ಳೆಯದು.

ಹೆಜ್ಜೆ 6: ಒಂದು ವರ್ಷ ಇಳಿಯಿರಿ, ಇಳಿದದ್ದು ಕಾಣುವ ಹಾಗೆ ಇಳಿಯಿರಿ

ವಾರಕ್ಕೆ ಆರು ಗಂಟೆ ಸಾಕು. ಕೆಲಸದ ಜೊತೆಗೆ ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಎರಡನೇ ತಿಂಗಳಿಗೆ ನಿಂತುಹೋಗುತ್ತದೆ.

ವೀಡಿಯೊ ಬಿಟ್ಟು ಮೂಲ ಕೈಪಿಡಿ ಓದಿ. ನಾನು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಕೈಪಿಡಿಯನ್ನು ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಓದಿದೆ. ಅದು ಪುಕ್ಕಟೆ ಸಿಗುತ್ತದೆ, ತುಂಬಾ ಚೆನ್ನಾಗಿ ಬರೆದಿದ್ದಾರೆ. ಅದರಲ್ಲಿ ಒಂದು ವಿಷಯ ಓದಿ ನನ್ನ ಕಣ್ಣು ತೆರೆಯಿತು. ಒಂದು ಸಾಲನ್ನು ತಿದ್ದಿದಾಗ ಪೋಸ್ಟ್‌ಗ್ರೆಸ್ ಹಳೆಯದನ್ನು ಅಲ್ಲೇ ಅಳಿಸಿ ಬರೆಯುವುದಿಲ್ಲ. ಹೊಸ ಸಾಲು ಬರೆದು, ಹಳೆಯದನ್ನು ಹಾಗೇ ಬಿಡುತ್ತದೆ. ಅದನ್ನು ಆಮೇಲೆ ಗುಡಿಸುವ ಕೆಲಸದ ಹೆಸರು 'ವ್ಯಾಕ್ಯೂಮ್'. ಇದೊಂದು ಗೊತ್ತಾದ ಮೇಲೆ, ಸಾಲುಗಳು ಅಷ್ಟೇ ಇದ್ದರೂ ಟೇಬಲ್ ಯಾಕೆ ಉಬ್ಬುತ್ತದೆ ಅನ್ನುವ ಹಳೆಯ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿತು.

ಓದಿದ್ದನ್ನು ಕೈಯಾರೆ ಮುರಿದು ನೋಡಿ. ಡಿಸ್ಕ್ ತುಂಬಿಸಿ ಏನಾಗುತ್ತದೆ ನೋಡಿ. ಎರಡು ಕಡೆಯಿಂದ ಒಂದೇ ಸಾಲನ್ನು ತಿದ್ದಿ ಲಾಕ್ ಆಗುವುದನ್ನು ನೋಡಿ. ಆಮೇಲೆ ಬರೆಯಿರಿ. ತಿಂಗಳಿಗೊಂದು ಪುಟ: ಏನು ಮುರಿಯಿತು, ಹೇಗೆ ಹುಡುಕಿದೆ, ಹೇಗೆ ಸರಿಯಾಯಿತು. ಕಂಪನಿಯ ಡೇಟಾ, ಹೆಸರು ಯಾವುದೂ ಅದರಲ್ಲಿ ಬರಬಾರದು. ಹನ್ನೆರಡು ಪುಟ ಆದಾಗ ನಿಮ್ಮ ಕೈಯಲ್ಲಿ ಎಂಥ ಸರ್ಟಿಫಿಕೇಟಿಗಿಂತಲೂ ಗಟ್ಟಿಯಾದದ್ದು ಇರುತ್ತದೆ. ನನ್ನ ಈಗಿನ ಕೆಲಸದ ಇಂಟರ್‌ವ್ಯೂ ಮುಕ್ಕಾಲು ಪಾಲು ಅಂಥದ್ದೊಂದು ಪುಟದ ಮೇಲೇ ನಡೆಯಿತು.

ಅಗಲದ ದಾರಿ ಆರಿಸಿದವರೂ ಹೀಗೇ ಬರೆದಿಡಿ. ಅವರ ಪುಟಗಳಲ್ಲಿ ಬೇರೆ ಬೇರೆ ಕೆಲಸ ಹೇಗೆ ಜೋಡಿಸಿದಿರಿ ಅನ್ನುವುದು ಇರಲಿ. "ಎಲ್ಲ ಗೊತ್ತು" ಅಂದರೆ ಯಾರೂ ನಂಬುವುದಿಲ್ಲ. "ಈ ಅಂಗಡಿಯ ತಕ್ಕಡಿಯಿಂದ ಬಿಲ್ಲಿನವರೆಗೆ ನಾನೇ ಕಟ್ಟಿದೆ" ಅಂದರೆ ನಂಬುತ್ತಾರೆ.

ಹೆಜ್ಜೆ 7: ಕಾಫಿಯ ಜೊತೆ ಮೆಣಸು ಹಬ್ಬಿಸಿ

ಮಲೆನಾಡಿನ ಯಾವ ತೋಟದಲ್ಲಿ ಬರೀ ಕಾಫಿ ಇದೆ ಹೇಳಿ? ನೆರಳಿಗೆ ಸಿಲ್ವರ್ ಓಕ್, ಅದರ ಮೈಮೇಲೆ ಮೆಣಸಿನ ಬಳ್ಳಿ. ಮರ ಹೇಗೂ ಬೇಕೇ ಬೇಕು, ಬಳ್ಳಿ ಅದನ್ನೇ ಹತ್ತುತ್ತದೆ. ಕಾಫಿಗೆ ಬೆಲೆ ಬಿದ್ದ ವರ್ಷ ಮೆಣಸು ಮನೆ ನಡೆಸುತ್ತದೆ. ಆಳದ ಪಕ್ಕದ ಅಗಲವೂ ಹಾಗೇ ಇರಬೇಕು. ಈಗಿರುವ ಮರವನ್ನೇ ಹತ್ತುವಂಥದ್ದು. ಡೇಟಾಬೇಸ್ ಗೊತ್ತಿದ್ದರೆ ಲಿನಕ್ಸ್, ಬ್ಯಾಕಪ್, ಕ್ಲೌಡ್ ಖರ್ಚಿನ ಲೆಕ್ಕ. ಟೆಸ್ಟಿಂಗ್ ಗೊತ್ತಿದ್ದರೆ ಪೈಥಾನ್ ಬರೆದು ಅದನ್ನು ಆಟೊಮೇಟ್ ಮಾಡುವುದು.

ಇನ್ನೊಂದು ಬಳ್ಳಿ ಇದೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವ್ಯವಹಾರದ ಜ್ಞಾನ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ದೇಶದ ಬಿಲ್ಲಿಂಗ್ ಸಾಫ್ಟ್‌ವೇರನ್ನೆಲ್ಲ ಬದಲಾಯಿಸಬೇಕಾಯಿತು. ಕೋಡ್ ಬರೆಯುವವರು ಇದ್ದರು, ತೆರಿಗೆ ಗೊತ್ತಿದ್ದವರೂ ಇದ್ದರು. ಎರಡೂ ಗೊತ್ತಿದ್ದವರಿಗೆ ಆಗ ಪುರುಸೊತ್ತೇ ಇರಲಿಲ್ಲ. ನಮ್ಮ ಜಿಲ್ಲೆಯ ಮಕ್ಕಳಿಗೆ ಕಾಫಿಯ ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪಾಲು), ಡೇರಿಯ ಫ್ಯಾಟ್ ಲೆಕ್ಕ, ಎಪಿಎಂಸಿ ವ್ಯವಹಾರ ಎಲ್ಲ ಮನೆಯಲ್ಲೇ ಗೊತ್ತಿರುತ್ತದೆ. ದಯವಿಟ್ಟು ಅದನ್ನು ಕಡೆಗಣಿಸಬೇಡಿ.

ಹೆಜ್ಜೆ 8: ವರ್ಷಕ್ಕೊಮ್ಮೆ ತಿರುಗಿ ನೋಡಿ

ಯುಗಾದಿಗೆ ಊರಿಗೆ ಬಂದಾಗ ಮಾಡಿ, ನೆನಪಿರುತ್ತದೆ. ಆ 30 ಜಾಹೀರಾತಿನ ಕೆಲಸ ಮತ್ತೆ ಮಾಡಿ, ಹೋದ ವರ್ಷದ ಗೀಟುಗಳ ಪಕ್ಕ ಇಡಿ. ಅರ್ಧಕ್ಕರ್ಧ ಕಡಿಮೆಯಾಗಿದ್ದರೆ ಪಕ್ಕದ ಬಳ್ಳಿಗೆ ಗೊಬ್ಬರ ಹಾಕಲು ಶುರು ಮಾಡಿ. ಒಂದು ವರ್ಷದಲ್ಲಿ ಒಂದೂ ಹೊಸ ಗಂಟು ಎದುರಾಗಲಿಲ್ಲ ಅಂದರೆ ತಂಡ ಬದಲಾಯಿಸುವ ಹೊತ್ತು ಬಂದಿದೆ.

ಎಐ ಬಗ್ಗೆ ಆ ಹುಡುಗಿಯೂ ಕೇಳಿದಳು, ಎಲ್ಲರೂ ಕೇಳುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಮೇಲುಮೇಲಿನ ಕೋಡ್ ಯಾರು ಬೇಕಾದರೂ ಬರೆಸಬಹುದು. ನಾನೂ ದಿನಾ ಬಳಸುತ್ತೇನೆ. ಆದರೆ ಹೆಜ್ಜೆ 3ರಲ್ಲಿ ಹೇಳಿದ ಆ ಕ್ವೆರಿಯಂಥದ್ದನ್ನು ಅದೂ ಬರೆದುಕೊಟ್ಟಿದೆ. ಉತ್ತರ ಸರಿಯಾಗಿಯೇ ಬರುತ್ತಿತ್ತು, ನಿಧಾನ ಅಷ್ಟೆ. ನೋಡಿದ ತಕ್ಷಣ ಎಲ್ಲಿ ಎಡವಿದೆ ಅಂತ ನನಗೆ ಗೊತ್ತಾಯಿತು. ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಐದು ಭಾಷೆಯಲ್ಲಿ ತೆಳ್ಳಗೆ ಕೋಡ್ ಬರುತ್ತದೆ ಅನ್ನುವ ಅಗಲಕ್ಕೆ ಬೆಲೆ ಇಳಿಯುತ್ತದೆ. ಕೊಟ್ಟದ್ದು ಸರಿಯಾ ತಪ್ಪಾ ಅಂತ ಹೇಳಬಲ್ಲ ಆಳಕ್ಕೆ, ಜನರ ಜೊತೆ ಕೂತು ಅವರಿಗೆ ಬೇಕಾದ್ದೇನು ಅಂತ ತಿಳಿಯುವ ಅಗಲಕ್ಕೆ ಬೆಲೆ ಇರುತ್ತದೆ.

ಭಾನುವಾರ ಸಂಜೆ ಬೆಂಗಳೂರಿನ ರೈಲಿಗೆ ಹೊರಡುವ ಮುಂಚೆ ಅವಳು ಮತ್ತೆ ಬಂದಳು. ರೆಸ್ಯೂಮ್‌ನ ಮೊದಲ ಸಾಲು ಬದಲಾಯಿಸಿದ್ದಳು. ಮೊದಲು ಅಲ್ಲಿ ಹನ್ನೊಂದು ಉಪಕರಣಗಳ ಹೆಸರಿದ್ದವು. ಈಗ, "ಕಡಿಮೆ ನೆಟ್‌ವರ್ಕ್ ಇರುವ ಊರುಗಳಲ್ಲೂ ನಡೆಯುವ ಆ್ಯಪ್‌ಗಳನ್ನು ಕಟ್ಟುತ್ತೇನೆ" ಅಂತಿತ್ತು. ಅವಳ ಅಜ್ಜಿ ಮನೆ ಮೂಡಿಗೆರೆ ಕಡೆ. ಅಲ್ಲಿ ಸಿಗ್ನಲ್ ಬೇಕಾದರೆ ಗೇಟಿನವರೆಗೆ ನಡೆಯಬೇಕಂತೆ. "ಟೆಸ್ಟ್ ಮಾಡೋಕೆ ಅಜ್ಜಿ ಮನೆಗೇ ಹೋಗ್ತೀನಿ ಅಕ್ಕ" ಅಂದಳು. ಮುಂದಿನ ತಿಂಗಳು ಮೊದಲ ಪುಟ ಬರೆದು ಕಳಿಸು ಅಂತ ಹೇಳಿ ಕಳಿಸಿದೆ.